ಪೋರ್ಟೊ: ಹೊಳೆಯ ಈ ದಡದಲ್ಲಿ ಏಳು ದಿನ

ದೋಹಾ, ಹೊರಡುವ ಮೊದಲು

ವೀಸಾ ಅರ್ಜಿಯಲ್ಲಿ ‘ಪ್ರಯಾಣದ ಉದ್ದೇಶ’ ಎಂಬುದರ ಎದುರು ಸಾಲಾಗಿ ಚೌಕಗಳಿದ್ದವು. ‘ಕುಟುಂಬದವರ ಭೇಟಿ’ ಎಂಬ ಚೌಕಕ್ಕೆ ಗುರುತು ಹಾಕಲು ಹೊರಟಿದ್ದೆ. ಅಮ್ಮ ನನ್ನ ಕೈ ಹಿಡಿದಳು.

“ಅದಲ್ಲ. ಊರು ನೋಡ್ಲಿಕ್ಕೆ ಅಂತ ಹಾಕು.”

“ಅಕ್ಕ ಅಲ್ಲೇ ಇರುವುದಲ್ವಾ ಅಮ್ಮ?”

“ಇರಲಿ. ಒಂದು ಊರಲ್ಲಿ ತುಂಬ ಜನ ಇರ್ತಾರೆ.”

ನಾನು ‘ಪ್ರವಾಸ’ ಎಂಬ ಚೌಕಕ್ಕೆ ಗುರುತು ಹಾಕಿದೆ. ಹಾಗಾಗಿ ಇದು ಪ್ರವಾಸ ಕಥನ.

ನನ್ನ ಅಕ್ಕ ವೀಣಾ ಪೋರ್ಚುಗೀಸರ ನಾಡಿನ ಪೋರ್ಟೊಗೆ ಓದಲು ಹೋಗಿ ಅಲ್ಲಿಯೇ ಒಂದು ಲ್ಯಾಬಿನಲ್ಲಿ ಕೆಲಸ ಹಿಡಿದು ಏಳು ವರ್ಷವಾಯಿತು. ಎರಡು ವರ್ಷದ ಹಿಂದೆ ಒಂದು ಮಂಗಳವಾರ ಅಲ್ಲಿನ ಕಚೇರಿಯಲ್ಲಿ ತಿಯಾಗೊ ಎಂಬವನನ್ನು ಮದುವೆಯಾಗಿ, ಸಂಜೆ ನಮಗೆ ಫೋನ್ ಮಾಡಿ ತಿಳಿಸಿದಳು. ಅಮ್ಮ ಕೂಗಾಡಲಿಲ್ಲ. “ಕರೆದಿದ್ರೂ ನಾನು ಹೋಗ್ತಿರ್ಲಿಲ್ಲ. ಆದ್ರೆ ಕರೀಬೇಕಿತ್ತು” ಎಂದು ಹೇಳಿ ಒಗೆದ ಬಟ್ಟೆ ಮಡಚತೊಡಗಿದಳು. ಆಮೇಲೆ ವಾರಕ್ಕೊಮ್ಮೆ ಅಕ್ಕನೊಡನೆ ಕೆಮ್ಮು, ಅಕ್ಕಿ, ಹವೆ ಇವುಗಳ ಬಗ್ಗೆ ಮಾತಾಡಿದಳು. ಅಳಿಯನ ಹೆಸರು ಎತ್ತಲಿಲ್ಲ. ಎತ್ತಲೇಬೇಕಾದಾಗ ‘ಆ ಜನ’ ಎಂದಳು.

ನಾನು ದೋಹಾದ ವೆಸ್ಟ್ ಬೇಯ ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆಗಳಿಗೂ ಪತ್ರಗಳಿಗೂ ನಂಬರು, ತಾರೀಖು ಹಾಕಿ ಇಡುವ ಕೆಲಸ ಮಾಡುತ್ತೇನೆ. ಮನೆಗೆ ಬಂದ ಮೇಲೂ ಆ ಚಾಳಿ ಬಿಡುವುದಿಲ್ಲ. ಡೈರಿಯ ಮೊದಲ ಪುಟದಲ್ಲಿ ಬರೆದುಕೊಂಡೆ: ‘ಕೆಲಸ ಒಂದೇ. ಮೇ 18ರ ವಿಮಾನ ಹತ್ತುವ ಮೊದಲು ಅಮ್ಮ ಅಕ್ಕನ ಮನೆಯ ಹೊಸ್ತಿಲು ದಾಟಬೇಕು.’ ಅಪ್ಪನಿಗೆ ರಜೆ ಸಿಗಲಿಲ್ಲ. ಅಕ್ಕನ ಮನೆಯಲ್ಲಿ ಉಳಿಯುವುದಿಲ್ಲವೆಂದು ಅಮ್ಮ ಮೊದಲೇ ಹೇಳಿದ್ದರಿಂದ, ಫೋಟೊ ನೋಡಿ ಒಂದು ಬಾಡಿಗೆ ಅಪಾರ್ಟ್‌ಮೆಂಟ್ ಹಿಡಿದೆ. ಫೋಟೊದಲ್ಲಿ ಅದು ತುಂಬ ಚಂದ ಇತ್ತು.

ಇನ್ನೊಂದು ಮಾತು. ಮನೆಯಲ್ಲಿ ನಾವು ತುಳು ಮಾತಾಡುವವರು. ಇಲ್ಲಿರುವ ಮಾತನ್ನೆಲ್ಲ ನಾನು ಕನ್ನಡದಲ್ಲಿ ಬರೆದಿದ್ದೇನೆ. ಅಮ್ಮ ಓದಿದರೆ ತಾನು ಇಷ್ಟು ಮೆತ್ತಗೆ ಮಾತಾಡಿಲ್ಲ ಎನ್ನಬಹುದು.

ಮೇ 10, ಶನಿವಾರ: ಮೆಟ್ಟಿಲು

ವಿಮಾನ ನಿಲ್ದಾಣಕ್ಕೆ ಅಕ್ಕನೂ ಬಾವನೂ ಬಂದಿದ್ದರು. ಬಾವ ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಲಿಫ್ಟ್ ರಿಪೇರಿ ಅವನ ಕೆಲಸ. ಅಮ್ಮನಿಗೆ ಕೈ ಕೊಡುವುದೋ ಮುಗಿಯುವುದೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದ. ಅಮ್ಮ “ಥ್ಯಾಂಕ್ಯೂ” ಎಂದಳು. ಯಾತಕ್ಕೆಂದು ಯಾರೂ ಕೇಳಲಿಲ್ಲ.

ಕಾರಿನಲ್ಲಿ ಅವನು ಇಂಗ್ಲಿಷಿನಲ್ಲಿ ಹೇಳಿದ: “ಅಮ್ಮಾ, ನಮ್ಮ ಮನೆ ನಿಮ್ಮದೇ. ಯಾವಾಗ ಬೇಕಾದರೂ ಬನ್ನಿ.” ದೋಹಾದಲ್ಲಿ ಇಪ್ಪತ್ತೆಂಟು ವರ್ಷ ಇದ್ದ ಅಮ್ಮನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ. ಅವಳು ಕಿಟಕಿಯ ಹೊರಗೆ ನೋಡಿದಳು.

ನಮ್ಮ ಬೀದಿಗೆ ಕಾರು ಹೋಗುವುದಿಲ್ಲ. ಹಳೇ ಪೋರ್ಟೊ ಅಂದರೆ ಹೊಳೆಯ ಮೇಲಿನ ಗುಡ್ಡಕ್ಕೆ ಮನೆಗಳನ್ನು ಒತ್ತೊತ್ತಾಗಿ ಅಂಟಿಸಿದ ಊರು. ಗೋಡೆಗಳಿಗೆ ನೀಲಿ ಹೂವಿನ ಟೈಲು, ಕಿಟಕಿಗಳಲ್ಲಿ ಒಣಗಲು ಹಾಕಿದ ಬನಿಯನ್‌ಗಳು. ಅಪಾರ್ಟ್‌ಮೆಂಟ್ ಮೂರನೇ ಮಹಡಿಯಲ್ಲಿತ್ತು. ಬೀದಿಯ ಮೆಟ್ಟಿಲೂ ಒಳಗಿನ ಮೆಟ್ಟಿಲೂ ಸೇರಿ ಎಪ್ಪತ್ತನಾಲ್ಕು. ಲಿಫ್ಟ್ ಇಲ್ಲ.

“ಇಷ್ಟು ಹಳೇ ಕಟ್ಟಡಕ್ಕೆ ಲಿಫ್ಟ್ ಕೂರಿಸಲು ಒಪ್ಪಿಗೆ ಸಿಗುವುದಿಲ್ಲ” ಎಂದು ಬಾವ ನಮ್ಮ ದೊಡ್ಡ ಸೂಟ್‌ಕೇಸನ್ನು ಹೆಗಲ ಮೇಲೆ ಹೊತ್ತುಕೊಂಡು ಏದುಸಿರಿನಲ್ಲಿ ವಿವರಿಸಿದ. ಬಾಗಿಲ ಹತ್ತಿರ ಸೂಟ್‌ಕೇಸ್ ಇಳಿಸಿ, ಒಳಗೆ ಬಾರದೆ ಇಳಿದು ಹೋದ. ಅವರಲ್ಲಿ, ಪ್ರಯಾಣ ಮಾಡಿ ಬಂದವರನ್ನು ಮೊದಲ ದಿನ ಬಿಟ್ಟುಬಿಡುವುದು ಮರ್ಯಾದೆ.

“ಹೊಸ್ತಿಲವರೆಗೆ ಬಂದು ಒಳಗೆ ಬರ್ಲಿಲ್ಲ” ಎಂದಳು ಅಮ್ಮ.

ಮೇ 11, ಭಾನುವಾರ: ಬಿಳಿ ಮನೆ

ಹಗಲಿನಲ್ಲಿ ಮನೆಯನ್ನು ಪೂರ್ತಿ ನೋಡಿದೆವು. ಎಲ್ಲ ಬಿಳಿ, ನಲ್ಲಿಗಳು ಮಾತ್ರ ಕಪ್ಪು. ಗೋಡೆಯಲ್ಲಿ ಒಂದು ದೊಡ್ಡ ಚಿತ್ರ: ಬಿಳಿ ಹಾಳೆಯ ಮೇಲೆ ಒಂದು ಕಪ್ಪು ಗೆರೆ. ಅಮ್ಮ ಮೊದಲು ಅದನ್ನು ಒದ್ದೆ ಬಟ್ಟೆಯಿಂದ ಒರೆಸಲು ಹೋದಳು. ಬಚ್ಚಲುಮನೆಗೂ ಮಲಗುವ ಕೋಣೆಗೂ ನಡುವೆ ಗಾಜಿನ ಗೋಡೆ. ಅದಕ್ಕೆ ಅಮ್ಮ ಬೆಡ್‌ಶೀಟ್ ಕಟ್ಟಿದಳು.

ಅಡುಗೆಮನೆಯ ಲೆಕ್ಕ ಹೀಗಿತ್ತು: ವೈನ್ ಗ್ಲಾಸು ಹನ್ನೆರಡು, ಸೌಟು ಸೊನ್ನೆ, ಮುಚ್ಚಳ ಇರುವ ಪಾತ್ರೆ ಸೊನ್ನೆ. ಬಚ್ಚಲುಮನೆಯ ಲೆಕ್ಕ: ಸುವಾಸನೆಯ ಮೇಣದಬತ್ತಿ ಐದು, ಮಗ್ಗು ಸೊನ್ನೆ. ಬಾಗಿಲಿಗೆ ಕೀಲಿಯಿಲ್ಲ, ನಂಬರು ಒತ್ತಿ ಒಳಗೆ ಹೋಗಬೇಕು. ಮನೆಯೊಡತಿ ಫೋನಿನಲ್ಲಿ ಸಂದೇಶ ಕಳಿಸುತ್ತಿದ್ದಳೇ ಹೊರತು ಕೊನೆಯವರೆಗೂ ಕಾಣಲಿಲ್ಲ.

“ಮನೆ ಕೊಟ್ಟವರು ಯಾರೂಂತ ಗೊತ್ತಿಲ್ಲ, ಒಂದು ಲೋಟ ನೀರು ಬೇಕಾ ಅಂತ ಕೇಳುವವರಿಲ್ಲ. ಇದು ಮನೆಯಾ, ಶೋರೂಮಾ?” ಎಂದಳು ಅಮ್ಮ. ನಾನು ಅಂಗಡಿ ಹುಡುಕಿ ಒಂದು ಪ್ಲಾಸ್ಟಿಕ್ ಮಗ್ಗು, ಒಂದು ಸೌಟು ತಂದೆ. ಮಗ್ಗಿನ ಬಣ್ಣ ಕೆಂಪು. ಆ ಮನೆಯಲ್ಲಿ ಅದೊಂದೇ ಕೆಂಪು.

ಆದರೆ ಕಿಟಕಿ ಮಾತ್ರ ಫೋಟೊದಲ್ಲಿದ್ದುದಕ್ಕಿಂತ ಚೆನ್ನಾಗಿತ್ತು. ಕೆಳಗೆ ದೌರೊ ಹೊಳೆ, ಅದರ ಮೇಲೆ ಎತ್ತರದ ಕಬ್ಬಿಣದ ಸೇತುವೆ, ಆಚೆ ದಡದಲ್ಲಿ ಗಾಯಾ ಎಂಬ ಜೋಡಿ ಊರು. ಸಂಜೆ ಬಂದ ಅಕ್ಕ ಬೆರಳು ತೋರಿಸಿದಳು.

“ಅಮ್ಮ, ಅಲ್ಲಿ ಹಳದಿ ಬಿಲ್ಡಿಂಗ್ ಕಾಣ್ತದಲ್ಲ, ಮೇಲಿನಿಂದ ಎರಡನೇ ಸಾಲು, ಹಸಿರು ಕಿಟಕಿ. ಅದೇ ನಮ್ಮದು. ನಡೆದ್ರೆ ಇಪ್ಪತ್ತೈದು ನಿಮಿಷ.”

“ಹೌದಾ” ಎಂದಳು ಅಮ್ಮ. “ನೀನು ಊಟ ಮಾಡು.”

ಮೇ 13, ಮಂಗಳವಾರ: ಸೇತುವೆ

ಮೂರು ದಿನದ ಕ್ರಮ ಹೀಗಾಯಿತು. ಬೆಳಿಗ್ಗೆ ನಾನೂ ಅಮ್ಮನೂ ಊರು ನೋಡುವುದು. ಸಂಜೆ ಆರಕ್ಕೆ ಲ್ಯಾಬಿನಿಂದ ಅಕ್ಕ ಬರುವುದು, ಅಮ್ಮ ಅವಳಿಗೆ ಬಡಿಸುವುದು. ಎಂಟಕ್ಕೆ ಬಾವ ಬೀದಿಯ ಮೂಲೆಯಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡುವುದು. ನಾನು ಅವಳ ಜೊತೆ ಕೆಳಗಿಳಿಯುತ್ತಿದ್ದೆ. ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಬಾವ ಕೈಯೆತ್ತಿ ಕೂಗುತ್ತಿದ್ದ: “ಯಾವಾಗ ಬೇಕಾದರೂ, ಅಮ್ಮಾ!” ಮಂಗಳವಾರದವರೆಗೆ ಈ ಮಾತು ನಾಲ್ಕು ಸಲ. ಅಮ್ಮ ಅವನಿಗೆ ಹೇಳಿದ ಒಟ್ಟು ಮಾತು ಎರಡು, ಎರಡೂ ಥ್ಯಾಂಕ್ಯೂ.

ದೋಹಾದಿಂದ ಅಕ್ಕನಿಗೆಂದು ತಂದ ಚೀಲ ಬಾಗಿಲ ಹತ್ತಿರ ಹಾಗೇ ಇತ್ತು. ಖರ್ಜೂರದ ಡಬ್ಬಿ, ಮಾವಿನ ಮಿಡಿ ಉಪ್ಪಿನಕಾಯಿ, ಹಪ್ಪಳ, ಹೊಸ ಬೆಡ್‌ಶೀಟು. “ಅಕ್ಕ ದಿನಾ ಬರ್ತಾಳಲ್ಲ, ಕೊಟ್ಟುಬಿಡುವ” ಎಂದೆ. “ಮನೆಗೆ ಕೊಡುವುದನ್ನು ದಾರಿಯಲ್ಲಿ ಕೊಡ್ಲಿಕ್ಕಾಗ್ತದಾ?” ಎಂದಳು.

ಮಂಗಳವಾರ ಮಧ್ಯಾಹ್ನ ಅಮ್ಮನೇ ಸೇತುವೆಯ ಕಡೆ ಹೊರಟಳು. ನಾನು ಡೈರಿ ಚೀಲಕ್ಕೆ ಹಾಕಿಕೊಂಡು ಹಿಂದೆಯೇ ಹೊರಟೆ. ಮೇಲೆ ಟ್ರಾಮು ಓಡುವ ಸೇತುವೆ. ಹಳಿಯ ಪಕ್ಕದಲ್ಲೇ ಜನ ನಡೆಯುತ್ತಾರೆ. ದೋಹಾದಲ್ಲಿ ಕಾರಿನಿಂದ ಇಳಿದು ಮಾಲ್ ಬಾಗಿಲಿನವರೆಗೆ ಮಾತ್ರ ನಡೆಯುವ ಅಮ್ಮ ಕಂಬಿ ಹಿಡಿದು ಅರ್ಧ ಸೇತುವೆ ದಾಟಿದಳು. ಗಾಳಿಗೆ ಸೀರೆಯ ಸೆರಗು ಒಬ್ಬ ಜರ್ಮನ್ ಮುದುಕನ ಮುಖಕ್ಕೆ ಹೊಡೆಯಿತು. ಅವನೇ ಕ್ಷಮೆ ಕೇಳಿದ. ನಡುವೆ ಬಂದಾಗ ಅಮ್ಮ ನಿಂತಳು. ಹಸಿರು ಕಿಟಕಿ ಈಗ ಚೆನ್ನಾಗಿ ಕಾಣುತ್ತಿತ್ತು. ಅಲ್ಲಿ ಯಾರೋ ಟವೆಲ್ ಒಣಹಾಕಿದ್ದರು.

“ಖಲಾಸ್” ಎಂದಳು. “ಇಷ್ಟು ಸಾಕು.”

ತಿರುಗಿ ನಡೆದಳು.

ಮೇ 14, ಬುಧವಾರ: ಅಕ್ಕನ ಸಿಟ್ಟು, ಅಮ್ಮನ ಕಾನೂನು

ಸೇತುವೆಯ ವಿಷಯ ನಾನು ಅಕ್ಕನಿಗೆ ಹೇಳಬಾರದಿತ್ತು. ಅವಳು ಮೆಟ್ಟಿಲಲ್ಲೇ ಕುಳಿತುಬಿಟ್ಟಳು.

“ಅರ್ಧ ಬಂದು ವಾಪಸ್ಸಾ? ನಾನೆಂತ ಕಾಲು ಹಿಡೀಬೇಕಾ? ತಿಯಾಗೊ ದಿನಾ ಕರೀತಾನೆ. ‘ನಿನ್ನ ಅಮ್ಮನಿಗೆ ನನ್ನ ಮುಖ ನೋಡ್ಲಿಕ್ಕೆ ಇಷ್ಟ ಇಲ್ಲ, ಒತ್ತಾಯ ಮಾಡೋದು ಬೇಡ’ ಅಂತಾನೆ ಈಗ. ಅವನಿಗೂ ಬೇಜಾರಾಗ್ತದೆ, ಮಾರಾಯ್ತಿ.”

ಮೇಲೆ ಬಂದು ಅಮ್ಮನನ್ನು ನೇರವಾಗಿ ಕೇಳಿದೆ. ಅವಳು ಬೀನ್ಸ್ ಮುರಿಯುತ್ತಿದ್ದಳು.

“ಕರೆಯದ ಮನೆಗೆ ಹೇಗೆ ಹೋಗುವುದು ಮಗಾ?”

“ಎಷ್ಟು ಸಲ ಕರೆದಿದ್ದಾರೆ ಅಮ್ಮ! ನಾನು ಬರೆದಿಟ್ಟಿದ್ದೇನೆ. ಐದು ಸಲ.”

“ಯಾವಾಗ ಬೇಕಾದ್ರೂ ಬನ್ನಿ ಅಂದದ್ದು. ಅದು ಕರೆಯುವುದಾ? ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದವರಿಗೂ ಹಾಗೇ ಹೇಳ್ತಾರೆ. ಮನೆಗೆ ಬಂದು, ಒಳಗೆ ಕೂತು, ಇಂಥ ದಿವಸ, ಇಷ್ಟು ಗಂಟೆಗೆ ಊಟಕ್ಕೆ ಬರ್ಬೇಕು ಅಂತ ಹೇಳ್ಬೇಕು. ಅದು ಕರೆಯುವುದು.”

“ಅಕ್ಕನೂ ಕರೆದಳಲ್ಲ?”

“ಮಗಳು ಕರೆದ್ರೆ ಮಗಳು ಕರೆದದ್ದು. ಆ ಮನೆಯವರು ಕರೀಬೇಕು. ಆ ಜನಕ್ಕೆ ಹಿರಿಯರು ಯಾರೂ ಇಲ್ವಾ?”

ನನಗೆ ಹಿಂದಿನ ವರ್ಷದ ಸಂಗತಿ ನೆನಪಾಯಿತು. ದೋಹಾದ ಅಲ್ ಹಿಲಾಲ್‌ನ ನಮ್ಮ ಬಿಲ್ಡಿಂಗಿನಲ್ಲೇ, ನಮಗಿಂತ ಎರಡು ಮಹಡಿ ಕೆಳಗೆ, ಒಂದು ಮಗುವಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ಅವರು ವಾಟ್ಸಾಪ್‌ನಲ್ಲಿ ಎಲ್ಲರಿಗೂ ಒಂದೇ ಸಂದೇಶ ಕಳಿಸಿದ್ದರು. ಅಮ್ಮ ಹೋಗಲಿಲ್ಲ. ಮರುದಿನ ಮಗುವಿಗೆ ಬೆಳ್ಳಿ ಗಿಲಕಿ ಕೊಟ್ಟು ಬಂದಳು. ಆಗ ನಾವೆಲ್ಲ ಅಮ್ಮನಿಗೆ ಮಂಡಿನೋವು ಎಂದುಕೊಂಡಿದ್ದೆವು.

ಒಟ್ಟಿನಲ್ಲಿ ಸ್ಥಿತಿ ಹೀಗಿತ್ತು. ಹೊಳೆಯ ಆ ದಡದಲ್ಲಿ ಒಬ್ಬ, ಕರೆದರೂ ಬರುವುದಿಲ್ಲವೆಂದು ನೊಂದುಕೊಂಡಿದ್ದ. ಈ ದಡದಲ್ಲಿ ಒಬ್ಬಳು, ಕರೆಯಲೇ ಇಲ್ಲವೆಂದು ಕಾಯುತ್ತಿದ್ದಳು. ಉಳಿದ ದಿನ ಮೂರು.

ಮೇ 15, ಗುರುವಾರ: ಚಪ್ಪಲಿ

ಬೆಳಿಗ್ಗೆ ಬಾಗಿಲು ತೆರೆದಾಗ ಹೊರಗಿಟ್ಟಿದ್ದ ನಮ್ಮ ಚಪ್ಪಲಿ, ಶೂ ಇರಲಿಲ್ಲ. ಒಟ್ಟು ನಾಲ್ಕು ಜೊತೆ. ಅಮ್ಮನ ಹೊಸ ವಾಕಿಂಗ್ ಶೂ ಕೂಡ ಹೋಗಿತ್ತು.

ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡುವುದರ ಬಗ್ಗೆ ನಾವು ಯೋಚಿಸಿಯೇ ಇರಲಿಲ್ಲ. ದೋಹಾದಲ್ಲಿ ನಮ್ಮ ಬಿಲ್ಡಿಂಗಿನಲ್ಲಿ ಬಾಗಿಲ ಮುಂದಿನ ಚಪ್ಪಲಿ ನೋಡಿಯೇ ಯಾರ ಮನೆಗೆ ನೆಂಟರು ಬಂದಿದ್ದಾರೆಂದು ಹೇಳಬಹುದು. ಅಲ್ಲಿ ಯಾರೂ ಮುಟ್ಟುವುದಿಲ್ಲ. ಅಕ್ಕನ ಫೋನು ಲ್ಯಾಬಿನ ಹೊರಗಿನ ಪೆಟ್ಟಿಗೆಯಲ್ಲಿರುತ್ತದೆ, ಸಂಜೆಯವರೆಗೆ ಸಿಗುವುದಿಲ್ಲ. ನಾನು ಬಾವನಿಗೆ ಮಾಡಿದೆ.

“ಆ ಜನಕ್ಕೆ ಎಂತಕ್ಕೆ ತೊಂದ್ರೆ ಕೊಡ್ತಿ?” ಎಂದಳು ಅಮ್ಮ, ಬರಿಗಾಲಲ್ಲಿ ನಿಂತು.

ಅವನು ಹದಿನೈದು ನಿಮಿಷದಲ್ಲಿ ಬಂದ. ನೀಲಿ ಕೆಲಸದ ಬಟ್ಟೆ, ಸೊಂಟದಲ್ಲಿ ಸ್ಪ್ಯಾನರು. ಖಾಲಿ ನೆಲ ನೋಡಿ, “ಮೆಟ್ಟಿಲಿನ ಮುಂದೆ ಇಟ್ಟಿದ್ದಿರಾ? ಗುರುವಾರ?” ಎಂದ. ಎರಡನೇ ಮಹಡಿಯ ಬಾಗಿಲು ತಟ್ಟಿದ. ಎಂಬತ್ತು ದಾಟಿದ ಒಬ್ಬ ಅಜ್ಜಿ ಬಂದಳು. ಸುಮಾರು ಹೊತ್ತು ಪೋರ್ಚುಗೀಸಿನಲ್ಲಿ ಮಾತಾಯಿತು. ಅಜ್ಜಿ ಎರಡು ಸಲ ಎದೆಗೆ ಕೈಯಿಟ್ಟುಕೊಂಡಳು. ವಿಷಯ ಇಷ್ಟು: ಆ ಕಡೆಯ ಹಳೇ ಕಟ್ಟಡಗಳಲ್ಲಿ ಬೇಡವಾದ ಬಟ್ಟೆ, ಶೂಗಳನ್ನು ಗುರುವಾರ ಬೆಳಿಗ್ಗೆ ಬಾಗಿಲ ಹೊರಗಿಡುತ್ತಾರೆ. ಅಜ್ಜಿ ಅದನ್ನೆಲ್ಲ ಕೂಡಿಸಿ ಬಡವರಿಗೆಂದು ಚರ್ಚಿಗೆ ಮುಟ್ಟಿಸುತ್ತಾಳೆ. ಪ್ರವಾಸಿಗಳು ಇಷ್ಟೊಂದು ಕೊಟ್ಟಿದ್ದು ಇದೇ ಮೊದಲೆಂದು ಅವಳು ಬೆಳಿಗ್ಗೆ ನಮಗಾಗಿ ಪ್ರಾರ್ಥನೆಯನ್ನೂ ಮಾಡಿದ್ದಳು.

ನಾನು ಬಚ್ಚಲುಮನೆಯ ರಬ್ಬರ್ ಚಪ್ಪಲಿ ಹಾಕಿಕೊಂಡು ಬಾವನ ಜೊತೆ ಚರ್ಚಿಗೆ ಹೊರಟೆ. ಕಲ್ಲಿನ ಇಳಿಜಾರಿನಲ್ಲಿ ಜಾರುತ್ತ, ಅಮ್ಮ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದೆ. ಅವನು ನಡುರಸ್ತೆಯಲ್ಲಿ ನಿಂತ.

“ದಿನ, ಗಂಟೆ ಹೇಳಬೇಕಾ? ನಮ್ಮಲ್ಲಿ ತಾಯಿಗೆ ದಿನ, ಗಂಟೆ ಕೊಟ್ಟರೆ ಅವಮಾನ. ಗಂಟೆ ಕೊಡುವುದು ಹಲ್ಲಿನ ಡಾಕ್ಟರು. ಮನೆಯವರಿಗೆ ಬಾಗಿಲು ಯಾವಾಗಲೂ ತೆರೆದಿರುತ್ತದೆ ಅಂತ ಹೇಳಬೇಕು.”

“ನಮ್ಮಲ್ಲಿ ಹಾಗೆ ಹೇಳಿದರೆ, ಬಂದರೂ ಸರಿ, ಬಾರದಿದ್ದರೂ ಸರಿ ಅಂತ.”

“ಶನಿವಾರವೇ ಯಾಕೆ ಹೇಳಲಿಲ್ಲ?”

“ನನಗೆ ಗೊತ್ತಾದದ್ದು ನಿನ್ನೆ.”

ಅವನು ಜೇಬಿನಿಂದ ಕೆಲಸದ ಪುಸ್ತಕ ತೆಗೆದ. ಕೆಟ್ಟ ಲಿಫ್ಟಿನ ಬಗ್ಗೆ ಕೇಳುವಂತೆಯೇ ಒಂದೊಂದಾಗಿ ಕೇಳಿ ಬರೆದುಕೊಂಡ. ಯಾರು ಹೇಳಬೇಕು? ನಿಂತು ಹೇಳಬೇಕಾ, ಕೂತಾ? ಎಷ್ಟು ದಿನ ಮೊದಲು? ಕೈಯಲ್ಲಿ ಏನಾದರೂ ಇರಬೇಕಾ? ಬರೆದುಕೊಳ್ಳುವ ಗಂಡಸನ್ನು ಅಕ್ಕ ಆರಿಸಿಕೊಂಡಿದ್ದಾಳೆಂದು ನನಗೆ ಆಗ ಮೊದಲ ಸಲ ಸಮಾಧಾನವಾಯಿತು.

ಚರ್ಚಿನ ಚೀಲದಲ್ಲಿ ನಾಲ್ಕೂ ಜೊತೆ ಸಿಕ್ಕಿತು. ನನ್ನವನ್ನು ನಾನು ಹಾಕಿಕೊಂಡೆ, ಉಳಿದದ್ದನ್ನು ಅವನು ಎರಡೂ ಕೈಯಲ್ಲಿ ಹಿಡಿದು ಎಪ್ಪತ್ತನಾಲ್ಕು ಮೆಟ್ಟಿಲು ಹತ್ತಿದ. ಬಾಗಿಲು ತೆರೆದ ಅಮ್ಮ ನೋಡಿದ್ದು ಅದನ್ನೇ.

“ಅಯ್ಯೋ ದೇವರೇ! ಅಳಿಯನ ಕೈಯಲ್ಲಿ ನನ್ನ ಚಪ್ಪಲಿ! ನೀನೆಂತ ನೋಡ್ತಾ ನಿಂತದ್ದು, ತೆಗೊ ಅವರ ಕೈಯಿಂದ, ತೆಗೊ ಬೇಗ!”

ನಾನು ತೆಗೆದುಕೊಂಡೆ. ಎರಡು ವರ್ಷದಲ್ಲಿ ಮೊದಲ ಸಲ ‘ಅಳಿಯ’ ಎಂದಿದ್ದಳು. ಅದು ಅವಳಿಗೆ ಗೊತ್ತಾಗಲಿಲ್ಲ, ಅವನಿಗೆ ಅರ್ಥವಾಗಲಿಲ್ಲ. ಡೈರಿಯಲ್ಲಿ ಗಂಟೆ ಸಮೇತ ಬರೆದಿದ್ದೇನೆ: ಹನ್ನೊಂದೂಕಾಲು.

ಅಮ್ಮ ಅವನನ್ನು ಒಳಗೆ ಕರೆದು, ಕೈತೊಳೆಯಲು ನೀರಿನ ಕಡೆ ತೋರಿಸಿ, ರವೆಯ ಸಜ್ಜಿಗೆ, ಅಂದರೆ ಉಪ್ಪಿಟ್ಟು, ಬಡಿಸಿದಳು. ಹಸಿಮೆಣಸು ಜಾಸ್ತಿಯಾಗಿತ್ತು. ಅವನು ಕಣ್ಣಲ್ಲಿ ನೀರು ಸುರಿಸಿಕೊಂಡು ಎರಡು ಸಲ ಹಾಕಿಸಿಕೊಂಡ. ಕರೆಯುವ ಮಾತು ಎತ್ತಲಿಲ್ಲ. ಹಿರಿಯರು ಹೇಳಬೇಕೆಂದು ಬರೆದುಕೊಂಡಿದ್ದನಲ್ಲ.

ಮೇ 16, ಶುಕ್ರವಾರ: ಕ್ಲಾರಾ ಅಮ್ಮ

ಬಾವನ ತಾಯಿ ಕ್ಲಾರಾ ಅಮ್ಮನಿಗೆ ಎಪ್ಪತ್ತೊಂದು ವರ್ಷ, ಎರಡೂ ಮಂಡಿಗೆ ಪಟ್ಟಿ. ಸಂಜೆ ಆರೂವರೆಗೆ ಮೆಟ್ಟಿಲು ಹತ್ತಲು ಶುರು ಮಾಡಿದರು. ಮೇಲೆ ತಲುಪಿದ್ದು ಏಳೂ ಹತ್ತಕ್ಕೆ. ಎರಡನೇ ಮಹಡಿಯ ಅಜ್ಜಿಯ ಮನೆಯಲ್ಲಿ ಕೂತು ಸುಧಾರಿಸಿಕೊಂಡು ಬಂದರು. ಹಿಂದೆ ಅಕ್ಕ, ಅವಳ ಹಿಂದೆ ಕೇಕಿನ ಪೆಟ್ಟಿಗೆ ಹಿಡಿದ ಬಾವ.

ಆ ಮನೆಯ ಕುರ್ಚಿಗಳಲ್ಲಿ ಕೂರಲು ಬಾರದು, ಜಾರುತ್ತವೆ. ಆದ್ದರಿಂದ ಇಬ್ಬರು ತಾಯಂದಿರೂ ಹಾಸಿಗೆಯ ಅಂಚಿನಲ್ಲಿ ಪಕ್ಕಪಕ್ಕ ಕೂತರು. ಕ್ಲಾರಾ ಅಮ್ಮ ಕೇಕನ್ನು ಅಮ್ಮನ ಮಡಿಲಲ್ಲಿಟ್ಟು, ಅವಳ ಕೈ ಹಿಡಿದು, ಶಾಲೆಯಲ್ಲಿ ಪದ್ಯ ಒಪ್ಪಿಸುವಂತೆ ಪೋರ್ಚುಗೀಸಿನಲ್ಲಿ ಹೇಳಿದರು. ಅಕ್ಕ ಅದನ್ನು ತುಳುವಿನಲ್ಲಿ ಹೇಳಬೇಕಿತ್ತು. ಅವಳು ಅಮ್ಮನ ಮಡಿಲಿನ ಕೇಕಿನ ಪೆಟ್ಟಿಗೆಯನ್ನು ಸರಿಮಾಡತೊಡಗಿದಳು.

“ಅಕ್ಕಾ, ಯಲ್ಲಾ, ಹೇಳು” ಎಂದು ದೋಹಾದ ಮಾತಿನಲ್ಲಿ ಅವಸರಪಡಿಸಿದೆ.

“ನಾಳೆ ಶನಿವಾರ,” ಎಂದಳು ಅಕ್ಕ, “ಮಧ್ಯಾಹ್ನ ಒಂದು ಗಂಟೆಗೆ, ತನ್ನ ಮಗ ಸೊಸೆಯ ಮನೆಗೆ ಊಟಕ್ಕೆ ಬರ್ಬೇಕಂತೆ. ಮದುವೆಗೆ ಕರೀದೆ ಇದ್ದದ್ದು ತಪ್ಪಂತೆ. ಆಗ ಇವರನ್ನೂ ನಾವು ಕರೆದಿರ್ಲಿಲ್ಲ ಅಮ್ಮ. ಸಂಜೆ ಫೋನ್ ಮಾಡಿದ್ದು.”

ಅಮ್ಮ ತಿರುಗಿ ಕ್ಲಾರಾ ಅಮ್ಮನ ಮುಖ ನೋಡಿದಳು. ಇಬ್ಬರೂ ಒಟ್ಟಿಗೆ ಅಕ್ಕನನ್ನೂ ಬಾವನನ್ನೂ ನೋಡಿದರು. ಬಾವ ನೆಲ ನೋಡಿದ.

“ಬರ್ತೇವೆ ಅಂತ ಹೇಳು” ಎಂದಳು ಅಮ್ಮ. “ಮತ್ತೆ, ಇವರು ಇಳಿಯುವಾಗ ಕೈ ಹಿಡೀಲಿಕ್ಕೆ ಹೇಳು ಅಳಿಯನಿಗೆ. ಎಂಥ ಮೆಟ್ಟಿಲು ಇದು.”

ಮೇ 17, ಶನಿವಾರ: ಹಸಿರು ಕಿಟಕಿ

ಹನ್ನೆರಡೂ ಐವತ್ತಕ್ಕೆ ಬಾಗಿಲಲ್ಲಿದ್ದೆವು. ಅಮ್ಮ ದೋಹಾದಿಂದ ತಂದ ಚೀಲವನ್ನು ಹಿಡಿದುಕೊಂಡು, ಬಲಗಾಲಿಟ್ಟು ಒಳಗೆ ಹೋದಳು. ಹನ್ನೆರಡೂ ಐವತ್ತೆರಡು. ನನ್ನ ಕೆಲಸ ಮುಗಿಯಿತು.

ಅಕ್ಕನ ಮನೆ ಸಣ್ಣದು. ಚಂದವೇನಲ್ಲ. ಸೋಫಾದ ಮೇಲೆ ಇಸ್ತ್ರಿ ಮಾಡದ ಬಟ್ಟೆ, ಫ್ರಿಜ್ಜಿನ ಬಾಗಿಲಿಗೆ ಕರೆಂಟ್ ಬಿಲ್ಲು. ಬಾವ ಮೀನು ಹುರಿಯುತ್ತಿದ್ದ. ಕ್ಲಾರಾ ಅಮ್ಮ ಅವನ ಹಿಂದೆ ನಿಂತು ಒಂದೇ ಸಮನೆ ಬಯ್ಯುತ್ತಿದ್ದರು. ಅಕ್ಕ ಅನ್ನದ ನೀರು ಜಾಸ್ತಿಯಾಯಿತೆಂದು ಗೊಣಗುತ್ತಿದ್ದಳು. ಅಮ್ಮ ಸೋಫಾದ ಮೇಲಿನ ಬಟ್ಟೆಯನ್ನು ಬದಿಗೆ ಸರಿಸಿ, ನೆಂಟರು ಕೂರುವಂತೆ ತುದಿಯಲ್ಲಿ ಕೂತಳು.

ಆಗ ಅವಳ ಫೋನು ಬಂತು. ದೋಹಾದ ಮದೀನತ್ ಖಲೀಫಾದಲ್ಲಿರುವ ಅವಳ ಗೆಳತಿ ಕಮಲಕ್ಕ. ಸ್ಪೀಕರಿನಲ್ಲಿಯೇ ಮಾತಾಡುವುದು ಅಮ್ಮನ ಅಭ್ಯಾಸ.

“ಎಲ್ಲಿದ್ದಿ ಮಾರಾಯ್ತಿ? ಊರು ನೋಡಿ ಆಯ್ತಾ?”

“ಮಗಳ ಮನೆಯಲ್ಲಿದ್ದೇನೆ.”

ಕಮಲಕ್ಕ ಕೇಳಿದರು: “ಅಳಿಯ ಇದ್ದಾರಾ? ಯಾವುದೋ ದೊಡ್ಡ ಕಂಪನಿಯಲ್ಲಿ ಎಂಜಿನಿಯರ್ ಅಂದಿದ್ದಿಯಲ್ಲ?”

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಹಾಗೆ ಹೇಳಿಕೊಂಡು ಬಂದಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಅಕ್ಕನ ಕೈಯಲ್ಲಿನ ಸೌಟು ನಿಂತಿತು.

“ಎಂಜಿನಿಯರ್ ಅಲ್ಲ, ಲಿಫ್ಟ್ ರಿಪೇರಿ ಮಾಡುವುದು” ಎಂದಳು ಅಮ್ಮ. “ಈಗ ಮೀನು ಹುರೀತಿದ್ದಾರೆ. ಸ್ವಲ್ಪ ಕರಟಿದ ವಾಸನೆ ಬರ್ತಾ ಉಂಟು. ಇಡ್ತೇನೆ ಕಮಲ, ಊಟಕ್ಕೆ ಕರೀತಿದ್ದಾರೆ.”

ಯಾರೂ ಕರೆದಿರಲಿಲ್ಲ. ಅನ್ನ ಇನ್ನೂ ಒಲೆಯ ಮೇಲಿತ್ತು. ಅಮ್ಮ ಫೋನಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆಮನೆಗೆ ನಡೆದಳು.